ನೆರೆಮನೆಯ ಕೋಳಿಯೂ ನಗರದ ನಿಯಮವೂ

ಹಳ್ಳಿಯಲ್ಲಿ ಕೋಳಿ ಕೂಗಿತೆಂದರೆ ಜನ ಬೆಳಗಾಯಿತೆಂದು ಎದ್ದು ಕೆಲಸಕ್ಕೆ ತೊಡಗುವರು. ಅದೇ ಕೂಗು ನಗರದ ಬಡಾವಣೆಯಲ್ಲಿ ಕೇಳಿಬಂದರೆ ನೆರೆಯವರು ದೂರು ಕೊಡಲು ಹೊರಡುವರು. ಕೂಗಿನಲ್ಲಿ ವ್ಯತ್ಯಾಸವಿಲ್ಲ; ಮನೆಮನೆಗಳ ನಡುವಣ ಅಂತರದಲ್ಲಿ ವ್ಯತ್ಯಾಸವುಂಟು. ಕೋಳಿ ಸಾಕಣೆಯನ್ನು ಕುರಿತು ಬೇರೆ ಬೇರೆ ನಗರಗಳು ಮಾಡಿಕೊಂಡಿರುವ ನಿಯಮಗಳು ಮೊದಲ ನೋಟಕ್ಕೆ ವಿಚಿತ್ರವಾಗಿ ತೋರುತ್ತವೆ. ಹೇಂಟೆ ಇರಬಹುದು, ಹುಂಜ ಕೂಡದು. ಎಂಟು ಇರಬಹುದು, ಒಂಬತ್ತು ಕೂಡದು. ಇದೆಂತಹ ಲೆಕ್ಕ? ಬೇಲಿಯನ್ನು ದಾಟಿ ನೆರೆಯವನನ್ನು ತಟ್ಟುವುದು ಯಾವುದೆಂದು ಕೇಳಿಕೊಂಡರೆ ಈ ಲೆಕ್ಕ ತಿಳಿಯಾಗುತ್ತದೆ. ಹಾಗೆ ದಾಟುವವು ಮೂರು: ಸದ್ದು, ನಾತ, ರೋಗ.

ಮೊದಲು ಸದ್ದನ್ನು ನೋಡೋಣ. ನ್ಯೂಯಾರ್ಕ್ ನಗರದ ಆರೋಗ್ಯ ಸಂಹಿತೆಯ ಪ್ರಕಾರ ಮನೆಯಲ್ಲಿ ಹೇಂಟೆಗಳನ್ನು ಸಾಕಬಹುದು. ಹುಂಜ, ಬಾತು, ಹೆಬ್ಬಾತು, ಟರ್ಕಿ ಕೋಳಿಗಳನ್ನು ಸಾಕಕೂಡದು. ಇದರಿಂದ ಸಾಕುವವನಿಗೆ ಮೊಟ್ಟೆಯ ನಷ್ಟವೇನೂ ಇಲ್ಲ. ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆಯಿಡುತ್ತದೆ. ಅಂತಹ ಮೊಟ್ಟೆ ಮರಿಯಾಗದು, ಅಷ್ಟೆ. ಗೂಡಿಗೆ ಕತ್ತಲೆ ಮಾಡಿ ಹುಂಜವನ್ನು ಸುಮ್ಮನಿರಿಸಬಹುದಲ್ಲ ಎಂದು ವಾಚಕರು ಕೇಳಬಹುದು. ಜಪಾನಿನ ನಗೋಯ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಪ್ರಯೋಗವು ಇದಕ್ಕೆ ಉತ್ತರ ಕೊಡುತ್ತದೆ. ಸದಾ ಮಂದ ಬೆಳಕಿನಲ್ಲಿಟ್ಟ ಹುಂಜಗಳು ಕೂಡ ಸುಮಾರು 24 ಗಂಟೆಗೊಮ್ಮೆ ತಮ್ಮ ಹೊತ್ತಿಗೆ ಕೂಗಿದವು. ಕೂಗಿನ ಗಡಿಯಾರ ಅವುಗಳ ದೇಹದೊಳಗೇ ಇದೆ. ಸೂರ್ಯನಿಗಾಗಿ ಕಾಯದ ಪ್ರಾಣಿಗೆ ಪರದೆ ಕಟ್ಟಿ ಪ್ರಯೋಜನವೇನು?

ಆದರೂ ಹುಂಜವೇ ಗೆದ್ದ ಪ್ರಸಂಗವೊಂದುಂಟು. ಫ್ರಾನ್ಸಿನ ಓಲೆರಾನ್ ದ್ವೀಪದಲ್ಲಿ ಮೊರೀಸ್ ಎಂಬ ಹುಂಜದ ಕೂಗಿನ ಮೇಲೆ ನೆರೆಯವರು ಮೊಕದ್ದಮೆ ಹೂಡಿದ್ದರು. 2019ರ ಸೆಪ್ಟೆಂಬರಿನಲ್ಲಿ ರೋಶ್‌ಫೋರ್ ನ್ಯಾಯಾಲಯವು ಅದನ್ನು ತಳ್ಳಿಹಾಕಿ, ಹುಂಜದ ಯಜಮಾನಿತಿಗೆ 1,000 ಯೂರೋ ಪರಿಹಾರ ಕೊಡಬೇಕೆಂದು ವಿಧಿಸಿತು. 2021ರಲ್ಲಿ ಆ ದೇಶದ ಸಂಸತ್ತು ಹಳ್ಳಿಗಾಡಿನ ಸದ್ದುಗಳನ್ನೂ ವಾಸನೆಗಳನ್ನೂ ನಾಡಿನ ಆಸ್ತಿಯೆಂದು ಎಣಿಸುವ ಕಾನೂನನ್ನು ಮಾಡಿತು. ಕಿರಿದಾದ ಓಣಿಗೂ ವಿಶಾಲವಾದ ಗ್ರಾಮಕ್ಕೂ ಒಂದೇ ನಿಯಮ ಸಲ್ಲದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇನ್ನು ನಾತ. ಮೊಟ್ಟೆಯಿಡುವ ಹೇಂಟೆ ದಿನಕ್ಕೆ ಸುಮಾರು 100 ಗ್ರಾಂ ಹಿಕ್ಕೆ ಹಾಕುತ್ತದೆ. ಅದರಲ್ಲಿನ ಯೂರಿಕ್ ಆಮ್ಲವನ್ನು, ತೇವವಿದ್ದರೆ, ಬ್ಯಾಕ್ಟೀರಿಯಗಳು ಒಡೆದು ಅಮೋನಿಯ ಅನಿಲವನ್ನುಂಟುಮಾಡುತ್ತವೆ. ಮೂಗನ್ನು ಚುಚ್ಚುವುದು ಆ ಅನಿಲವೇ. ಒಣಗಿದ ಹುಲ್ಲನ್ನೋ ಮರದ ಹೊಟ್ಟನ್ನೋ ಹಾಸಿ ಗೂಡನ್ನು ಒಣದಾಗಿಟ್ಟರೆ ನಾತವೂ ನೊಣಗಳೂ ಕಡಿಮೆಯಾಗುತ್ತವೆ. ಅಮೆರಿಕದ ಸಿಯಾಟಲ್ ನಗರವು 2010ರಲ್ಲಿ ಒಂದು ನಿವೇಶನಕ್ಕೆ ಎಂಟು ಕೋಳಿಗಳ ಮಿತಿಯನ್ನಿಟ್ಟು, ಗೂಡು ಪಕ್ಕದ ನಿವೇಶನದ ಮನೆಯಿಂದ 10 ಅಡಿಯಾದರೂ ದೂರವಿರತಕ್ಕದ್ದೆಂದು ವಿಧಿಸಿತು. ಎಂಟು ಕೋಳಿಗಳ ಹಿಕ್ಕೆ ದಿನಕ್ಕೆ ಒಂದು ಕಿಲೋಗ್ರಾಮಿನ ಆಸುಪಾಸು. ಹಿತ್ತಿಲ ಗೊಬ್ಬರದ ಗುಂಡಿ ಅದನ್ನು ಅರಗಿಸಿಕೊಳ್ಳಬಲ್ಲದು. ಎಂಬತ್ತಾದರೆ ಅದು ಆಗದ ಮಾತು.

ಮೂರನೆಯದಾದ ರೋಗ ಕಿವಿಗೂ ಕೇಳದು, ಮೂಗಿಗೂ ತಿಳಿಯದು. ಹಕ್ಕಿಜ್ವರದ ವೈರಸ್ಸನ್ನು ಕಾಡಿನ ನೀರುಹಕ್ಕಿಗಳು ಹೊತ್ತು ತಂದು ಹಿಕ್ಕೆಯ ಮೂಲಕ ಸಾಕುಕೋಳಿಗೆ ಅಂಟಿಸಬಲ್ಲವು. ಬ್ರಿಟನ್ನಿನಲ್ಲಿ ಮೊದಲು 50 ಅಥವಾ ಹೆಚ್ಚು ಕೋಳಿಗಳುಳ್ಳವರು ಮಾತ್ರ ಕಡ್ಡಾಯವಾಗಿ ನೋಂದಾಯಿಸಬೇಕಾಗಿತ್ತು. 2024ರಿಂದ ಒಂದೇ ಕೋಳಿಯಿದ್ದರೂ ನೋಂದಾಯಿಸತಕ್ಕದ್ದು. ರೋಗ ಕಾಣಿಸಿಕೊಂಡಾಗ ಸುತ್ತಮುತ್ತ ಯಾರಲ್ಲಿ ಕೋಳಿಯಿದೆಯೆಂದು ಕೂಡಲೆ ತಿಳಿಯಬೇಕೆಂಬುದೇ ಇದರ ಉದ್ದೇಶ.

ಇದು ದೂರದ ದೇಶದ ಮಾತೆಂದು ನಾವು ಸುಮ್ಮನಿರುವಂತಿಲ್ಲ. 2020ರ ಮಾರ್ಚಿನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ದೃಢಪಟ್ಟಿತು. ನಮ್ಮ ದೇಶದ ಕ್ರಮದಂತೆ, ರೋಗ ಕಂಡ ಸ್ಥಳದಿಂದ ಒಂದು ಕಿಲೋಮೀಟರಿನೊಳಗಣ ಸಾಕುಕೋಳಿಗಳನ್ನೆಲ್ಲ ಕೊಲ್ಲಬೇಕಾಗುತ್ತದೆ. ಸಾವಿರ ಕೋಳಿಗಳ ಫಾರಮ್ಮಿಗೂ ಮಕ್ಕಳು ಹೆಸರಿಟ್ಟು ಸಾಕಿದ ಎರಡು ಕೋಳಿಗಳಿಗೂ ಅಲ್ಲಿ ಭೇದವಿಲ್ಲ. ಮಮತೆಯಿಂದ ಒಂದನ್ನು ಬಚ್ಚಿಟ್ಟವರು ಇಡೀ ಬೀದಿಯನ್ನೇ ಅಪಾಯಕ್ಕೆ ಒಡ್ಡಿದಂತಾಗುತ್ತದೆ.

ಆದುದರಿಂದ ಹಿತ್ತಿಲಲ್ಲಿ ಕೋಳಿ ಸಾಕಬಯಸುವವರು ತಮ್ಮ ಊರಿನ ಸ್ಥಳೀಯ ಸಂಸ್ಥೆಯ ನಿಯಮವೇನೆಂದು ಮೊದಲು ವಿಚಾರಿಸಿಕೊಳ್ಳುವುದು ಒಳಿತು. ಗೂಡನ್ನು ಒಣದಾಗಿಡುವುದು, ಮೇವು ನೀರುಗಳಿಗೆ ಕಾಡುಹಕ್ಕಿಗಳು ಬಾಯಿಡದಂತೆ ಬಲೆ ಹೊದಿಸುವುದು, ಕೋಳಿಯನ್ನು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯುವುದು, ಕೋಳಿಗಳು ಒಮ್ಮೆಲೆ ಸಾಯತೊಡಗಿದರೆ ಪಶುವೈದ್ಯರಿಗೆ ತಿಳಿಸುವುದು—ಇವು ಯಾವ ಸಂಹಿತೆಯಲ್ಲಿ ಇಲ್ಲದಿದ್ದರೂ ಪಾಲಿಸತಕ್ಕವು. ಮೊಟ್ಟೆ ನಮ್ಮದಾದ ಮೇಲೆ ಅದರ ಹೊಣೆಯೂ ನಮ್ಮದೇ.