ಕಿಂದರಿಜೋಗಿಯ ಊರಿಗೆ ಇಲಿ ಬಂದದ್ದು ತಡವಾಗಿ

ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಓದಿ ಬೆಳೆದವರು ಆ ಕಥೆಯ ಮೂಲ ಊರಾದ ಜರ್ಮನಿಯ ಹ್ಯಾಮೆಲಿನ್‌ಗೆ ಹೋದರೆ ಮೊದಲು ಹುಡುಕುವುದು ಇಲಿಯನ್ನೇ. ಹುಡುಕುವ ಕಷ್ಟವೇನಿಲ್ಲ: ಪೇಟೆಬೀದಿಯ ನೆಲಗಲ್ಲುಗಳ ಮೇಲೂ ಇಲಿ, ಬೇಕರಿಯಲ್ಲೂ ಇಲಿ. ಆದರೆ ಮೂಲ ಕಥೆಯಲ್ಲಿ ಮಾತ್ರ ಇಲಿ ಇಲ್ಲ.

ಇಲಿ ಹಿಡಿದ ಕೂಲಿ ಕೊಡದ್ದಕ್ಕೆ ಜೋಗಿ ಮಕ್ಕಳನ್ನು ಎಳೆದೊಯ್ದ ಎಂಬುದು ನಾವೆಲ್ಲ ನಂಬಿದ ಕಥೆ. 15ನೇ ಶತಮಾನದ ಲ್ಯೂನೆಬರ್ಗ್ ಹಸ್ತಪ್ರತಿ ಹೇಳುವುದು ಇಷ್ಟೇ: 1284ರ ಜೂನ್ 26ರಂದು ಚೆಂದದ ಉಡುಪಿನ ತರುಣನೊಬ್ಬ ಬೆಳ್ಳಿಯ ಕೊಳಲೂದುತ್ತ ಊರೊಳಗೆ ಬಂದ, 130 ಮಕ್ಕಳು ಅವನ ಹಿಂದೆ ಹೋಗಿ ಕಾಣೆಯಾದರು. ಕೂಲಿಯ ಜಗಳವಿಲ್ಲ, ಸೇಡಿಲ್ಲ. ಇಲಿಗಳು ಕಥೆಗೆ ಸೇರಿಕೊಂಡದ್ದು 16ನೇ ಶತಮಾನದ ನಡುವಿನಾಚೆ. ತಮಾಷೆಯೆಂದರೆ, ಇಂದು ‘ಇಲಿ ಹಿಡಿಯುವವನ ಮನೆ’ ಎಂದು ಕರೆಯುವ ಕಟ್ಟಡದ ಗೋಡೆಬರಹದಲ್ಲೂ ಬಣ್ಣಬಣ್ಣದ ಬಟ್ಟೆಯ ಕೊಳಲಿನವನಿದ್ದಾನೆ, 130 ಮಕ್ಕಳಿದ್ದಾರೆ, ಒಂದು ಇಲಿಯೂ ಇಲ್ಲ!

ಹಾಗಾದರೆ ಮಕ್ಕಳನ್ನು ಕೊಂಡೊಯ್ದದ್ದು ಪ್ಲೇಗ್ ಮಾರಿಯೇ? ಇಲಿ ಎಂದೊಡನೆ ಪ್ಲೇಗು ನೆನಪಾಗುವುದು ಸಹಜ. ಆದರೆ ಯುರೋಪನ್ನು ಬಡಿದ ಆ ಮಹಾಮಾರಿ ಬಂದದ್ದು 1347ರಲ್ಲಿ, ಅರುವತ್ತು ವರ್ಷಗಳಿಗೂ ಹೆಚ್ಚು ತಡವಾಗಿ. ಕುವೆಂಪು ಅವರಿಗೆ ಆಧಾರವಾದ ಪದ್ಯ ಬರೆದ ರಾಬರ್ಟ್ ಬ್ರೌನಿಂಗ್ ಘಟನೆಯನ್ನು 1376ಕ್ಕೆ ತಳ್ಳಿಬಿಟ್ಟ. ಅವನ ಲೆಕ್ಕ ಹಿಡಿದರೆ ಪ್ಲೇಗಿನ ವಾದ ನಿಜವೆನಿಸುತ್ತದೆ, ಅಷ್ಟೆ.

ಮಕ್ಕಳು ಸತ್ತರೆಂದೇ ಹೇಳಬೇಕಾಗಿಲ್ಲ. ಆ ಕಾಲದಲ್ಲಿ ಪೂರ್ವದ ಹೊಸ ನೆಲಗಳಲ್ಲಿ ಬೇಸಾಯಕ್ಕೆ ಜನ ಬೇಕಿತ್ತು. ಊರೂರು ತಿರುಗಿ ಯುವಕ ಯುವತಿಯರನ್ನು ಕರೆದೊಯ್ಯುವ ಮಧ್ಯವರ್ತಿಗಳಿದ್ದರು. ಹ್ಯಾಮೆಲಿನ್ ಸುತ್ತಲಿನ ಹೆಸರುಗಳು ಪೂರ್ವದ ಪ್ರಾಂತ್ಯಗಳಲ್ಲೂ ಸಿಗುತ್ತವೆ ಎಂದು ಭಾಷಾಶಾಸ್ತ್ರಜ್ಞ ಯುರ್ಗೆನ್ ಉಡೋಲ್ಫ್ ತೋರಿಸಿದ್ದಾರೆ. ಮಕ್ಕಳು ಅಂಥ ಮಧ್ಯವರ್ತಿಯೊಬ್ಬನ ಹಿಂದೆ ಹೋಗಿರಬಹುದು ಎಂಬುದು ಸಾಬೀತಾಗದಿದ್ದರೂ, ಇರುವ ಊಹೆಗಳಲ್ಲಿ ನನಗೆ ಒಪ್ಪಿಗೆಯಾಗುವುದು ಇದೇ.

ಇನ್ನು, ನೀವು ಫೋಟೋ ತೆಗೆಯುವ ಮನೆಗಳನ್ನು ಆ ಮಕ್ಕಳು ನೋಡಿರಲಾರರು. ‘ಇಲಿ ಹಿಡಿಯುವವನ ಮನೆ’ ಕಟ್ಟಿದ್ದೇ 1602–03ರಲ್ಲಿ. ಹತ್ತಿರದ ‘ಮದುವೆಮನೆ’ ಎಂಬ ಕಟ್ಟಡ ಅದಕ್ಕಿಂತಲೂ ಈಚಿನದು. ಘಟನೆಯನ್ನು ಚಿತ್ರಿಸಿದ್ದ ಚರ್ಚಿನ ಹಳೆಯ ಬಣ್ಣದ ಗಾಜಿನ ಕಿಟಕಿ 17ನೇ ಶತಮಾನದಲ್ಲೇ ಹಾಳಾಯಿತು. ಹಳೆಯ ಕಾಲದ ನೆನಪು ಉಳಿದಿರುವುದು ‘ಇಲಿ ಹಿಡಿಯುವವನ ಮನೆ’ಯ ಪಕ್ಕದ ಓಣಿಯಲ್ಲಿ: ಮಕ್ಕಳು ಹೋದ ದಾರಿ ಅದೇ ಎಂಬ ನಂಬಿಕೆಯಿಂದ ಅಲ್ಲಿ ವಾದ್ಯ ನುಡಿಸುವಂತಿಲ್ಲ, ಕುಣಿಯುವಂತಿಲ್ಲ. ಮದುವೆಯ ಮೆರವಣಿಗೆಯಾದರೂ ಅಲ್ಲಿ ವಾದ್ಯ ನಿಲ್ಲಿಸಬೇಕು.