ಆ ಕೊನೆಯ ವರ್ಡ್ ಫೈಲ್ ಎಲ್ಲಿದೆ ಸರ್?

ಯೂನಿವರ್ಸಿಟಿ ಲೈಬ್ರರಿಯಲ್ಲಿ ಕೆಲಸ ಎಂದರೆ ಪುಸ್ತಕಕ್ಕೆ ಸೀಲು ಹೊಡೆದು ಕೂರುವುದು ಎಂದೇ ನಮ್ಮ ನೆಂಟರಿಷ್ಟರು ತಿಳಿದಿದ್ದಾರೆ. ಈಗ ನನ್ನ ಮುಖ್ಯ ಕೆಲಸ ವಸೂಲಿ. ಸಾಲದ್ದಲ್ಲ, ಲೇಖನಗಳದ್ದು. ನಮ್ಮ ಪ್ರಾಧ್ಯಾಪಕರು ಜರ್ನಲ್‌ಗಳಲ್ಲಿ ಪ್ರಕಟಿಸುವ ಸಂಶೋಧನಾ ಲೇಖನಗಳ ಒಂದೊಂದು ಪ್ರತಿಯನ್ನು ವಿಶ್ವವಿದ್ಯಾಲಯದ ಆನ್‌ಲೈನ್ ಭಂಡಾರಕ್ಕೆ ಹಾಕಿಸಬೇಕು. ರೆಪಾಸಿಟರಿ ಎನ್ನುತ್ತೇವೆ. ಅಲ್ಲಿ ಸೇರಿದ ಲೇಖನವನ್ನು ಯಾರು ಬೇಕಾದರೂ ಕಾಸು ಕೊಡದೆ ಓದಬಹುದು.

ಇದೇಕೆ ಬೇಕು ಎಂದು ಕೇಳುವವರಿಗೆ ನಾನು ಲೆಕ್ಕ ಒಪ್ಪಿಸುತ್ತೇನೆ. ಲೇಖನ ಬರೆದವರಿಗೆ ಜರ್ನಲ್ ಏನೂ ಕೊಡುವುದಿಲ್ಲ. ಅದನ್ನು ಓದಿ ತಪ್ಪು-ಒಪ್ಪು ಹೇಳುವ ರೆಫರಿಗಳಿಗೂ ಸಾಮಾನ್ಯವಾಗಿ ಕೊಡುವುದಿಲ್ಲ. ಇವರಲ್ಲಿ ಎಷ್ಟೋ ಜನ ಸರ್ಕಾರದ ಸಂಬಳದವರು. ಪ್ರಕಟವಾದ ಮೇಲೆ ಅದೇ ಲೇಖನವನ್ನು ನಮ್ಮ ಲೈಬ್ರರಿ ಚಂದಾ ಕಟ್ಟಿ ಕೊಳ್ಳಬೇಕು. ಚಂದಾ ಇಲ್ಲದವರು ಎಷ್ಟೋ ಕಡೆ ಒಂದೊಂದು ಲೇಖನಕ್ಕೆ 30-40 ಡಾಲರ್ ತೆರಬೇಕು. ಪಾವಗಡದ ಕೊಳವೆಬಾವಿಗಳ ಫ್ಲೋರೈಡ್ ಬಗ್ಗೆ ಬರೆದದ್ದನ್ನು ಪಾವಗಡದ ಹೈಸ್ಕೂಲು ಮೇಷ್ಟ್ರಿಗೇ ಓದಲಾಗುವುದಿಲ್ಲ ಎಂದರೆ ಆ ಸಂಶೋಧನೆ ಯಾರ ಪಾಲಿಗೆ?

2025ರ ಜನವರಿಯಿಂದ ಕೇಂದ್ರ ಸರ್ಕಾರದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆ ಬಂದಿದೆಯಲ್ಲ ಎನ್ನಬಹುದು. ಬಂದಿದೆ, ನಮಗೆ ಉಪಕಾರವೂ ಆಗಿದೆ. ಮೂರು ವರ್ಷಕ್ಕೆ ಸುಮಾರು 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು. ಆದರೆ ಈ ಬಾಗಿಲು ಸರ್ಕಾರಿ ವಿದ್ಯಾಸಂಸ್ಥೆ, ಸಂಶೋಧನಾಲಯಗಳಿಗೆ ತೆರೆದದ್ದು. ಪಾವಗಡದ ಮೇಷ್ಟ್ರು ಇನ್ನೂ ಹೊರಗೇ ನಿಂತಿದ್ದಾರೆ.

ರೆಪಾಸಿಟರಿ ಹೊಸದೇನಲ್ಲ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯ 2000ದಲ್ಲಿ 'ಇಪ್ರಿಂಟ್ಸ್' ಎಂಬ ತಂತ್ರಾಂಶವನ್ನು ಉಚಿತವಾಗಿ ಹೊರತಂದಿತು. ಅದನ್ನು ಬಳಸಿ 2002ರಲ್ಲಿ ಭಾರತದ ಮೊದಲ ಇಂಥ ಭಂಡಾರ ಕಟ್ಟಿದ್ದು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟು, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ. ಅದರ ಹಿಂದೆ ಟಿ.ಬಿ. ರಾಜಶೇಖರ್ ಅವರ ದುಡಿಮೆಯಿತ್ತು. ನಮ್ಮ ವೃತ್ತಿಯವರು ಈಗಲೂ ಅವರ ಹೆಸರು ನೆನೆಯುತ್ತೇವೆ.

ಭಂಡಾರ ಕಟ್ಟುವುದು ಸುಲಭ, ತುಂಬಿಸುವುದು ಕಷ್ಟ. "ಪಿಡಿಎಫ್ ಕಳಿಸಿದ್ದೀನಲ್ಲ ಮೇಡಂ, ಇನ್ನೇನು ಬೇಕು?" ಎಂದು ಪ್ರಾಧ್ಯಾಪಕರು ಕೇಳುತ್ತಾರೆ. "ಅದು ಪ್ರಕಾಶಕರದ್ದು ಸರ್, ನನಗೆ ನಿಮ್ಮದು ಬೇಕು" ಎನ್ನುತ್ತೇನೆ. ಜರ್ನಲ್‌ನ ಲಾಂಛನ, ಪುಟಸಂಖ್ಯೆ ಇರುವ ಅಂದದ ಪಿಡಿಎಫ್ ಮೇಲೆ ಸಾಮಾನ್ಯವಾಗಿ ಪ್ರಕಾಶಕರ ಹಕ್ಕಿರುತ್ತದೆ. ಆದರೆ ರೆಫರಿಗಳು ಹೇಳಿದಂತೆ ತಿದ್ದಿ, ಸಂಪಾದಕರು ಒಪ್ಪಿದ ಕೊನೆಯ ವರ್ಡ್ ಫೈಲ್ ಇದೆಯಲ್ಲ, ಅದನ್ನು ಭಂಡಾರಕ್ಕೆ ಹಾಕಲು ದೊಡ್ಡ ಪ್ರಕಾಶಕರೂ ಬಹುಮಟ್ಟಿಗೆ ಅಡ್ಡಿ ಮಾಡುವುದಿಲ್ಲ. ಒಂದಷ್ಟು ತಿಂಗಳು, ಕೆಲವೊಮ್ಮೆ ಒಂದೆರಡು ವರ್ಷ ಕಾಯಿರಿ ಎನ್ನಬಹುದು, ಅಷ್ಟೇ. ಯಾವ ಜರ್ನಲ್‌ನ ನಿಯಮ ಏನು ಎಂದು 'ಶೆರ್ಪಾ ರೋಮಿಯೊ' ಎಂದು ಹೆಸರಾದ ಬ್ರಿಟನ್ನಿನ ಪಟ್ಟಿಯಲ್ಲಿ ನಾವೇ ನೋಡಿ ಹೇಳುತ್ತೇವೆ.

ಆ ವರ್ಡ್ ಫೈಲೇ ಸಿಗುವುದಿಲ್ಲ! ಕೆಟ್ಟುಹೋದ ಲ್ಯಾಪ್‌ಟಾಪಿನಲ್ಲಿರುತ್ತದೆ, ಇಲ್ಲವೇ ಜರ್ಮನಿಗೆ ಹೋದ ಪಿಎಚ್‌ಡಿ ಹುಡುಗನ ಜಿಮೇಲಿನಲ್ಲಿ. ಆಗ ನಾನು ಒಂದು ದಾರಿ ತೋರಿಸುತ್ತೇನೆ. ಲೇಖನ ಕಳಿಸಿದ್ದ ಜರ್ನಲ್ ತಾಣಕ್ಕೆ ಹಳೆಯ ಪಾಸ್‌ವರ್ಡ್ ಹಾಕಿ ಹೊಕ್ಕರೆ ಎಷ್ಟೋ ಸಲ ಕೊನೆಗೆ ತಿದ್ದಿ ಕಳಿಸಿದ ಪ್ರತಿ ಅಲ್ಲೇ ಕೂತಿರುತ್ತದೆ. ಸಿಕ್ಕಿದ ಮೇಲೂ ಒಮ್ಮೆ ಕಣ್ಣಾಡಿಸಬೇಕು. ಅಂಚಿನಲ್ಲಿ ಗೈಡು ಬರೆದ ಟಿಪ್ಪಣಿ, ಟ್ರ್ಯಾಕ್ ಚೇಂಜಸ್ಸಿನ ಕೆಂಪು ಗೀಟು ಹಾಗೇ ಉಳಿದಿರುತ್ತವೆ. ಅವೆಲ್ಲ ಊರಿಗೆಲ್ಲ ಕಾಣಬಾರದು ನೋಡಿ. ಭೌತವಿಜ್ಞಾನದವರ ಹತ್ತಿರ ಮಾತ್ರ ಈ ತಾಪತ್ರಯವಿಲ್ಲ. 1991ರಲ್ಲಿ ಅಮೆರಿಕದಲ್ಲಿ ಶುರುವಾದ 'ಆರ್ಕೈವ್' ತಾಣಕ್ಕೆ ತಾವಾಗಿಯೇ ಹಾಕಿ ಅವರಿಗೆ ರೂಢಿ.

ಕನ್ನಡ ವಿಭಾಗದ್ದು ಬೇರೆಯೇ ಕಥೆ. ಅಲ್ಲಿ ಡಾಲರ್ ಕೇಳುವ ಪ್ರಕಾಶಕರಿಲ್ಲ. ವಿಶ್ವವಿದ್ಯಾಲಯದ್ದೋ ಸಂಘದ್ದೋ ಪತ್ರಿಕೆ, ಒಂದು ಫೋನಿಗೆ ಒಪ್ಪಿಗೆ ಸಿಗುತ್ತದೆ. ಆದರೆ ಹಳೆಯ ಲೇಖನಗಳೆಲ್ಲ ನುಡಿ, ಬರಹದ ಹಳೇ ಫಾಂಟಿನವು. ಕಣ್ಣಿಗೆ ಕನ್ನಡ, ಯಂತ್ರಕ್ಕೆ ರೋಮನ್ ಅಕ್ಷರಗಳ ಕಲಸುಮೇಲೋಗರ. 'ವಚನ' ಎಂದು ಹುಡುಕಿದರೆ ವಚನದ ಮೇಲಿನ ಲೇಖನವೇ ಸಿಗದು. ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಿದರೂ ಅಲ್ಲೊಂದು ಅರ್ಕಾವತ್ತು, ಇಲ್ಲೊಂದು ಒತ್ತಕ್ಷರ ಕೈಕೊಡುತ್ತದೆ. ಪೂರ್ತಿ ತಿದ್ದಲು ಪುರುಸೊತ್ತಿಲ್ಲದಿದ್ದರೆ ಶೀರ್ಷಿಕೆ, ಲೇಖಕರ ಹೆಸರು, ಸಾರಾಂಶವನ್ನಾದರೂ ಯೂನಿಕೋಡಿನಲ್ಲಿ ಟೈಪ್ ಮಾಡಿಸುತ್ತೇನೆ.

ಇನ್ನು ಒಲಿಸುವ ಮಾತು. ಜ್ಞಾನ ಎಲ್ಲರ ಸ್ವತ್ತು ಎಂಬ ಭಾಷಣಕ್ಕೆ ಸೆಮಿನಾರ್ ಹಾಲಿನಲ್ಲಿ ಚಪ್ಪಾಳೆ ಬೀಳುತ್ತದೆ, ಫೈಲ್ ಬರುವುದಿಲ್ಲ. ಕಟ್ಟುನಿಟ್ಟಿನ ನಿಯಮವಿದ್ದರೆ ಬರುತ್ತದೆ, ಪಿಎಚ್‌ಡಿ ಪ್ರಬಂಧಗಳನ್ನು ನೋಡಿ. 2009ರಲ್ಲಿ ಯುಜಿಸಿ ನಿಯಮ ಮಾಡಿದ ಮೇಲೆ 'ಶೋಧಗಂಗಾ' ಎಂಬ ಪ್ರಬಂಧಗಳ ಭಂಡಾರಕ್ಕೆ ಲಕ್ಷಗಟ್ಟಲೆ ಬಂದು ಸೇರಿದವು. ಲೇಖನಗಳಿಗೂ ಕೇಂದ್ರದ ವಿಜ್ಞಾನ-ತಂತ್ರಜ್ಞಾನ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಗಳು 2014ರಲ್ಲೇ ನೀತಿ ತಂದಿವೆ: ತಮ್ಮ ಹಣದಿಂದ ನಡೆದ ಸಂಶೋಧನೆಯ ಲೇಖನ ಭಂಡಾರಕ್ಕೆ ಬರಬೇಕು. ಕೇಳುವವರಿಲ್ಲದೆ ಅದು ಕಾಗದದಲ್ಲೇ ಉಳಿದಿರುವುದು ಹೆಚ್ಚು ಎಂಬುದು ನನ್ನ ಅನಿಸಿಕೆ.

ಪೋರ್ಚುಗಲ್ಲಿನ ಮಿನ್ಯೊ ವಿಶ್ವವಿದ್ಯಾಲಯ ಲೇಖನ ಹಾಕಿದ ವಿಭಾಗಗಳಿಗೆ ಹಣ ಹಂಚಿ ನೋಡಿತು. ಬೆಲ್ಜಿಯಮ್ಮಿನ ಲಿಯೇಜ್‌ನಲ್ಲಿ ಕುಲಪತಿ ಬರ್ನಾರ್ ರಾಂತಿಯೆ ಇನ್ನೂ ಸರಳ ಉಪಾಯ ಮಾಡಿದರು. ಅಲ್ಲಿನ ಭಂಡಾರ 'ಓರ್ಬಿ' 2008ರಲ್ಲಿ ತೆರೆಯಿತು. ಬಡ್ತಿಯ ವೇಳೆ ಅದರಲ್ಲಿ ದಾಖಲಾದ ಲೇಖನಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತೇವೆ ಎಂದರು. ಭಂಡಾರ ತುಂಬಿತು. ನಮ್ಮ ಕುಲಪತಿಗಳಿಗೂ ನಾನು ಕೇಳುವುದು ಇದಿಷ್ಟೇ. ಹೊಸ ಕಟ್ಟಡ ಬೇಡ, ಹೊಸ ಸರ್ವರ್ ಕೂಡ ಬೇಡ.

ಸಂಶೋಧಕರೇ, ಲೇಖನ ಒಪ್ಪಿಗೆಯಾಯಿತೆಂಬ ಇಮೇಲ್ ಬಂದ ದಿನವೇ ಆ ವರ್ಡ್ ಫೈಲನ್ನು ನಿಮ್ಮ ಲೈಬ್ರರಿಗೆ ಕಳಿಸಿಬಿಡಿ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ. ಉಳಿದ ಓದುಗರಿಗೊಂದು ಮಾತು: ದುಡ್ಡು ಕೇಳುವ ಪುಟ ಎದುರಾದರೆ ಹಿಂತಿರುಗಬೇಡಿ, ಲೇಖಕರ ಇಮೇಲ್ ವಿಳಾಸ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಅವರಿಗೆ ಬರೆದು ಪ್ರತಿ ಕೇಳಿ. ಕೇಳುವಾಗ, ರೆಪಾಸಿಟರಿಗೂ ಒಂದು ಪ್ರತಿ ಹಾಕಿ ಸರ್ ಎಂದು ಸೇರಿಸಿ.