ಇನ್ನೂ ಕಟ್ಟದ ಕೋಣೆಯ ಬೆಳಕು

ಕಟ್ಟಡದ ನಕ್ಷೆಯಲ್ಲಿ ಕಿಟಕಿಯ ಅಳತೆ ಇರುತ್ತದೆ, ಸಜ್ಜದ ಉದ್ದ ಇರುತ್ತದೆ. ಕಿಟಕಿಯಿಂದ ಇಪ್ಪತ್ತು ಅಡಿ ಒಳಗೆ ಕುಳಿತ ಹುಡುಗಿಯ ಪುಸ್ತಕದ ಮೇಲೆ ಮೋಡ ಕವಿದ ಮಧ್ಯಾಹ್ನ ಎಷ್ಟು ಬೆಳಕು ಬೀಳುತ್ತದೆ ಎಂಬುದು ಮಾತ್ರ ಕಾಣುವುದಿಲ್ಲ. ಗೋಡೆ ಎದ್ದು ತಾರಸಿ ಹಾಕಿದ ಮೇಲೆ ಅದು ತಿಳಿಯುತ್ತದೆ. ಆಗ ತಿದ್ದುವುದು ಕಷ್ಟ. ಹಗಲಲ್ಲೇ ಟ್ಯೂಬ್‌ಲೈಟ್ ಹಚ್ಚಿ ಪಾಠ ಮಾಡುವ ತರಗತಿಗಳೂ ಬಿಸಿಲು ಕಣ್ಣಿಗೆ ಹೊಡೆಯುತ್ತದೆಂದು ಸದಾ ಪರದೆ ಎಳೆದಿರುವ ಗಾಜಿನ ಕಚೇರಿಗಳೂ ಹುಟ್ಟುವುದು ಹೀಗೆಯೇ.

ಅಂದಾಜಿಗೆ ಕಣ್ಣನ್ನು ನಂಬುವಂತಿಲ್ಲ. ಬಯಲಿನ ಬಿರುಬಿಸಿಲಲ್ಲಿ ಸುಮಾರು 1 ಲಕ್ಷ ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕನ್ನು ಅಳೆಯುವ ಮಾನ) ಬೆಳಕಿರುತ್ತದೆ, ಓದುವ ಮೇಜಿಗೆ 300 ಲಕ್ಸ್ ಸಾಕು. ಇಷ್ಟು ದೊಡ್ಡ ಅಂತರಕ್ಕೂ ಕಣ್ಣು ತಾನಾಗಿ ಹೊಂದಿಕೊಂಡುಬಿಡುತ್ತದೆ. ಹಾಗಾಗಿ ಲೆಕ್ಕವೇ ಬೇಕು. ಆ ಲೆಕ್ಕ ಹಾಕುವ ತಂತ್ರಾಂಶಗಳಲ್ಲಿ ಸಂಶೋಧಕರು ಬಹುಕಾಲದಿಂದ ನೆಚ್ಚಿಕೊಂಡಿರುವುದು ರೇಡಿಯನ್ಸ್ ಎಂಬುದನ್ನು. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದಲ್ಲಿ ಗ್ರೆಗ್ ವಾರ್ಡ್ 1980ರ ದಶಕದ ನಡುವಿನಲ್ಲಿ ಇದನ್ನು ಬರೆಯತೊಡಗಿದರು. 2002ರಿಂದ ಇದು ಮುಕ್ತ ತಂತ್ರಾಂಶ.

ಸಿನಿಮಾ, ಆಟಗಳಿಗಾಗಿ ಕಂಪ್ಯೂಟರ್ ಬಿಡಿಸುವ ಚಿತ್ರ ಕಣ್ಣಿಗೆ ಚೆಂದ ಕಂಡರೆ ಸಾಕು. ರೇಡಿಯನ್ಸ್ ಬಿಡಿಸುವ ಚಿತ್ರದ ಪ್ರತಿ ಚುಕ್ಕೆಯ ಹಿಂದೆ ಭೌತಶಾಸ್ತ್ರದ ಮಾನದಲ್ಲಿ ಒಂದು ಸಂಖ್ಯೆ ಇರುತ್ತದೆ. ಹೊಳೆಯುವ ಆಕಾಶ, ಮೇಜಿನಡಿಯ ಕತ್ತಲು ಎರಡನ್ನೂ ಒಂದೇ ಚಿತ್ರದಲ್ಲಿ ಹಿಡಿದಿಡಲು ವಾರ್ಡ್ ರೂಪಿಸಿದ ಕಡತದ ಬಗೆಯನ್ನು ಈಗ ಸಿನಿಮಾದವರೂ ಬಳಸುತ್ತಾರೆ.

ಸೂರ್ಯನಿಂದ ಹೊರಟ ಕಿರಣಗಳಲ್ಲಿ ನಮ್ಮ ಕಣ್ಣಿಗೆ ಬಂದು ತಾಗುವವು ತೀರಾ ಕಡಿಮೆ. ಅವನ್ನೆಲ್ಲ ಹಿಂಬಾಲಿಸಿದರೆ ಶ್ರಮ ವ್ಯರ್ಥ. ಆದ್ದರಿಂದ ರೇಡಿಯನ್ಸ್ ಕಿರಣವನ್ನು ಹಿಂದುಮುಂದಾಗಿ ಬಿಡುತ್ತದೆ: ಕಣ್ಣಿನಿಂದ ಹೊರಟು ಗೋಡೆಗೆ ತಾಗಿ, ಅಲ್ಲಿಗೆ ಬೆಳಕು ಎಲ್ಲಿಂದ ಬಂತು ಎಂದು ಹುಡುಕುತ್ತದೆ. ಸೂರ್ಯ, ದೀಪಗಳು ಎಲ್ಲಿವೆ ಎಂಬುದು ಗೊತ್ತೇ ಇರುವುದರಿಂದ ಅವುಗಳತ್ತ ನೇರವಾಗಿ ನೋಡಬಹುದು. ಕಷ್ಟವಿರುವುದು ನೆಲ, ಚಾವಣಿ, ಎದುರು ಗೋಡೆಗಳಿಂದ ಪುಟಿದು ಬರುವ ಬೆಳಕಿನಲ್ಲಿ. ಕೋಣೆಯ ಒಳಭಾಗವನ್ನು ಬೆಳಗುವುದು ಬಹುಮಟ್ಟಿಗೆ ಅದೇ. ಅದಕ್ಕಾಗಿ ಒಂದು ಬಿಂದುವಿನಿಂದ ಎಲ್ಲ ದಿಕ್ಕಿಗೂ 500 ಕಿರಣ ಬಿಟ್ಟೆವೆನ್ನಿ. ಪ್ರತಿಯೊಂದೂ ತಾಗಿದಲ್ಲಿ ಮತ್ತೆ 500 ಬಿಡಬೇಕು. ಮೂರನೆಯ ಸಲಕ್ಕೆ ಕಿರಣಗಳ ಸಂಖ್ಯೆ 12.5 ಕೋಟಿ, ಅದೂ ಒಂದೇ ಬಿಂದುವಿಗೆ!

ಈ ಗಂಟನ್ನು ವಾರ್ಡ್ ಮತ್ತು ಇಬ್ಬರು ಸಹೋದ್ಯೋಗಿಗಳು 1988ರಲ್ಲಿ ಬಿಡಿಸಿದ ರೀತಿ ನನಗೆ ಇಡೀ ಕತೆಯಲ್ಲೇ ಅತ್ಯಂತ ಇಷ್ಟವಾದ ಭಾಗ. ನೆರಳಿನ ಅಂಚು ಥಟ್ಟನೆ ಬದಲಾಗುತ್ತದೆ, ನಿಜ. ಆದರೆ ಪುಟಿದು ಬಂದ ಬೆಳಕು ಗೋಡೆಯುದ್ದಕ್ಕೂ ಮೆಲ್ಲಗೆ ಏರಿಳಿಯುತ್ತದೆ. ಹಾಗಿದ್ದ ಮೇಲೆ ಪ್ರತಿ ಬಿಂದುವಿನಲ್ಲೂ ಅದನ್ನು ಯಾಕೆ ಎಣಿಸಬೇಕು? ಅಲ್ಲಲ್ಲಿ ಎಣಿಸಿ, ನೆನಪಿನಲ್ಲಿಟ್ಟುಕೊಂಡು, ನಡುವಿನ ಜಾಗಕ್ಕೆ ಅಕ್ಕಪಕ್ಕದ ಬೆಲೆಗಳಿಂದಲೇ ಲೆಕ್ಕ ತುಂಬಿದರಾಯಿತು. ಮೂಲೆಗಳಲ್ಲಿ ಎಣಿಕೆ ಒತ್ತಾಗಿ ನಡೆಯುತ್ತದೆ, ಖಾಲಿ ಗೋಡೆಯ ನಡುವೆ ವಿರಳವಾಗಿ. ಅಂದಿನ ಕಂಪ್ಯೂಟರ್‌ಗಳಿಗೆ ಅಸಾಧ್ಯವಾಗಿದ್ದ ಲೆಕ್ಕ ಕೈಗೆಟುಕಿದ್ದು ಇದರಿಂದ.

ಉತ್ತರ ಸರಿಯೇ? ಬ್ರಿಟನ್ನಿನ ಜಾನ್ ಮಾರ್ಡಲ್ಯೆವಿಕ್ 1990ರ ದಶಕದಲ್ಲಿ ಇದನ್ನು ಒರೆಗೆ ಹಚ್ಚಿದರು. ನಿಜವಾದ ಕೋಣೆಗಳೊಳಗೆ ಅಳೆದ ಬೆಳಕು, ಅದೇ ಹೊತ್ತಿಗೆ ಹೊರಗೆ ಅಳೆದ ಆಕಾಶದ ಹೊಳಪು ಎರಡೂ ಅವರಿಗೆ ದೊರಕಿದ್ದವು. ಲೆಕ್ಕಕ್ಕೂ ಅಳತೆಗೂ ಇದ್ದ ವ್ಯತ್ಯಾಸ ಬಹುತೇಕ ಶೇ. 10ರೊಳಗೇ ಇತ್ತು. ಇಷ್ಟು ಬಿಗಿಯಾದ ಪರೀಕ್ಷೆಗೆ ಒಡ್ಡಿಕೊಂಡ ತಂತ್ರಾಂಶಗಳು ಕಡಿಮೆ.

ಒಂದು ಕ್ಷಣದ ಬೆಳಕು ತಿಳಿದರೆ ಸಾಲದು, ವರ್ಷದ 8,760 ಗಂಟೆಗಳದ್ದೂ ಬೇಕು. ಅದಕ್ಕೆ ಆಕಾಶವನ್ನು 145 ತುಂಡುಗಳಾಗಿ ವಿಂಗಡಿಸುತ್ತಾರೆ. ಪ್ರತಿ ತುಂಡಿನಿಂದ ಮೇಜಿಗೆ ಬರುವ ಪಾಲನ್ನು ಒಮ್ಮೆ ಕಂಡುಕೊಂಡರೆ, ಮುಂದೆ ಯಾವ ದಿನದ ಆಕಾಶಕ್ಕಾದರೂ ಗುಣಾಕಾರವೊಂದೇ ಬಾಕಿ. ಬೆಂಗಳೂರು, ಮಂಗಳೂರುಗಳ ಗಂಟೆ ಗಂಟೆಯ ಹವಾಮಾನದ ಕಡತಗಳೂ ಸಿಗುವುದರಿಂದ ಕರಾವಳಿಯ ಮಳೆಗಾಲವನ್ನೂ ಈ ಲೆಕ್ಕಕ್ಕೆ ತರಬಹುದು. ಭಾರತದ 2017ರ ಇಂಧನ ಮಿತವ್ಯಯ ಕಟ್ಟಡ ಸಂಹಿತೆ 100ರಿಂದ 2,000 ಲಕ್ಸ್‌ವರೆಗಿನದನ್ನು ಉಪಯುಕ್ತ ಹಗಲುಬೆಳಕೆಂದು ಗುರುತಿಸಿ, ವಾಣಿಜ್ಯ ಕಟ್ಟಡಗಳಿಗೆ ಇಂಥ ವಾರ್ಷಿಕ ಲೆಕ್ಕವನ್ನು ಅಳತೆಗೋಲಾಗಿ ಇಟ್ಟಿತು.

ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ 52 ಅಂತಸ್ತಿನ ಗಾಜಿನ ಗೋಪುರವನ್ನು ಕಟ್ಟುವ ಮುನ್ನ ಬರ್ಕ್‌ಲಿಯ ತಂಡ ನೆರೆಯ ಕಟ್ಟಡಗಳ ಸಮೇತ ಅದನ್ನು ರೇಡಿಯನ್ಸ್‌ನಲ್ಲಿ ರೂಪಿಸಿತ್ತು. ಯಾವ ಅಂತಸ್ತಿನಲ್ಲಿ ಬಿಸಿಲು ಕಣ್ಣು ಕುಕ್ಕುತ್ತದೆ, ತಾನೇ ಇಳಿಯುವ ಪರದೆ ಯಾವಾಗ ಇಳಿಯಬೇಕು ಎಂಬ ಪ್ರಶ್ನೆಗಳನ್ನು ಕಂಪ್ಯೂಟರಿನಲ್ಲೂ, ಪೂರ್ಣ ಗಾತ್ರದ ಮಾದರಿ ಕೋಣೆಯಲ್ಲೂ ಪರೀಕ್ಷಿಸಿದರು.

ಮುಕ್ತವಾಗಿರುವುದರ ಲಾಭ ಉಚಿತವಾಗಿ ಸಿಗುವುದಷ್ಟೇ ಅಲ್ಲ. ಕನ್ನಡಿಯಂಥ ಹಲಗೆ ಬಿಸಿಲನ್ನು ಚಾವಣಿಗೆ ಎಸೆದರೆ, ಹಿಂದುಮುಂದಾಗಿ ಹುಡುಕುವ ಕಿರಣಗಳು ಆ ದಾರಿಯನ್ನು ಸುಲಭವಾಗಿ ಕಾಣವು. ಜರ್ಮನಿಯಲ್ಲಿ ರೋಲಂಡ್ ಶ್ರೆಗ್ಲೆ ಬೆಳಕಿನ ಮೂಲದಿಂದಲೇ ಕಣಗಳನ್ನು ಚಿಮ್ಮಿಸುವ ವಿಧಾನವನ್ನು ಸೇರಿಸಿ ಆ ಕೊರತೆಯನ್ನು ನೀಗಿಸಿದರು. ಸೂತ್ರಗಳನ್ನು ಬಚ್ಚಿಟ್ಟಿದ್ದರೆ ಇದು ಆಗುತ್ತಿರಲಿಲ್ಲ. ಸಾರ್ವಜನಿಕ ಕಟ್ಟಡದ ಬೆಳಕಿನ ಬಗ್ಗೆ ಯಾರಾದರೂ ಅಂಕಿ ಮುಂದಿಟ್ಟಾಗ ಅದನ್ನು ಮತ್ತೊಬ್ಬರು ಹಾಕಿ ನೋಡುವಂತಿರಬೇಕು ಎಂಬುದು ನನ್ನ ದೃಢವಾದ ನಂಬಿಕೆ.

ತಂತ್ರಾಂಶಕ್ಕೆ ನಾವು ಕೊಟ್ಟ ವಿವರವಷ್ಟೇ ಗೊತ್ತು. ಹೊಸ ಸುಣ್ಣದ ಗೋಡೆ ಶೇ. 80ರಷ್ಟು ಬೆಳಕನ್ನು ಮರಳಿಸುತ್ತದೆಂದು ಬರೆದುಕೊಟ್ಟರೆ ಹಾಗೆಯೇ ಎಣಿಸುತ್ತದೆ. ಧೂಳು ಹಿಡಿದ ಗಾಜು, ಕಿಟಕಿಯಾಚೆಯ ಹೊಂಗೆಮರ, ಗೋಡೆಗೊರಗಿಸಿದ ಬೀರು ಇವನ್ನೆಲ್ಲ ಲೆಕ್ಕಕ್ಕೆ ಸೇರಿಸಬೇಕಾದವರು ನಕ್ಷೆ ಬರೆಯುವವರು.